ಬೆಸ ವರ್ಷಗಳ ಒಳ್ಳೆಯ ಸುದ್ದಿ

ನಾರ್ಬಿ, ಮೊಂಟಾನಾ
14 ಜನವರಿ 1981

ಅಪ್ಪ,

ನೀನು ಶಾಸನಸಭೆಯ ಅಧಿವೇಶನಕ್ಕೆಂದು ಹೆಲೆನಾಕ್ಕೆ ಹೊರಟಾಗ ಆರ್ನೆಗೆ ಎರಡೇ ದಿನ. ಈಗ ಹನ್ನೆರಡು. ನೀನು ಕಂಡಾಗ ಬೇಯಿಸಿದ ಬೀಟ್‌ರೂಟಿನ ಹಾಗಿದ್ದ ಮುಖ ಈಗ ಮನುಷ್ಯರ ಬಣ್ಣಕ್ಕೆ ತಿರುಗಿದೆ. ಚರ್ಚಿನ ಹೆಂಗಸರು ಸರದಿ ಹಾಕಿಕೊಂಡು ಊಟ ತಂದಿಡುತ್ತಿದ್ದಾರೆ. ಎಲ್ಲರದೂ ಅದೇ ಅಡುಗೆ: ಕೊಚ್ಚಿದ ಮಾಂಸ, ಅದರ ಮೇಲೆ ಆಲೂಗೆಡ್ಡೆ, ಅದರ ಮೇಲೆ ಚೀಸು. ಇವತ್ತಿಗೆ ಒಂಬತ್ತು ತಟ್ಟೆ ಆಯಿತು. "ಹತ್ತನೇದು ಬಂದ್ರೆ ನಾನೇ ಹೋಗಿ ಹಳಿ ಮೇಲೆ ಮಲಗ್ತೀನಿ ನೋಡು" ಎನ್ನುತ್ತಾನೆ ಲೆಲಂಡ್. ರೈಲ್ವೆಯವನನ್ನು ಕಟ್ಟಿಕೊಂಡರೆ ಬೆದರಿಕೆಯೂ ರೈಲ್ವೆಯದೇ.

ನಿನ್ನೆಯ ತಟ್ಟೆ ತಂದ ಮಿಸೆಸ್ ಹೌಗನ್ ಮಗುವಿನ ಟೋಪಿ ಸರಿಸಿ ನೋಡಿ ಏನೆಂದಳು ಗೊತ್ತೇ? "ಅಯ್ಯೋ, ಕಿವಿ ನೋಡೇ! ಸೆನೆಟರ್ ಕಿವಿಯೇ. ಹೆಣ್ಣಾಗಿದ್ರೆ ಕೂದಲು ಬಿಟ್ಟು ಮುಚ್ಕೋಬಹುದಿತ್ತು, ಪಾಪ."

ಫೋನು ಬೇಡ ಅಪ್ಪ. ಭಾನುವಾರ ಮಾತಾಡಿದ ಮೂರು ನಿಮಿಷದಲ್ಲಿ ಎರಡು ನಿಮಿಷ ನಿನ್ನ ಕಿವಿಯಂತ್ರದ ಸಿಳ್ಳೆಯನ್ನೇ ಕೇಳಿದೆ. ಅಮ್ಮನ ಹಾಗೆ ಕಾಗದವೇ ಬರೆಯುತ್ತೇನೆ. ನಿದ್ದೆ ಸ್ವಲ್ಪ ಕಡಿಮೆ, ಅದು ಎಲ್ಲ ತಾಯಂದಿರಿಗೂ ಇದ್ದದ್ದೇ.

ಇಲ್ಲಿ ಎಲ್ಲ ಕ್ಷೇಮ.

ಸಿಗ್ರಿಡ್


ಹೆಲೆನಾ
19 ಜನವರಿ 1981

ಸಿಗ್ರಿಡ್,

ಕಿವಿಯ ವಿಷಯ ಓದಿ ಸಂತೋಷವಾಯಿತು. ಈ ಕಿವಿ ನಮ್ಮ ಮನೆತನದ್ದು. ಇದನ್ನಿಟ್ಟುಕೊಂಡು ಮೂವತ್ನಾಲ್ಕು ವರ್ಷ ಮತ ಕೇಳಿದ್ದೇನೆ, ಯಾವ ಸಲವೂ ಜನ ಇಲ್ಲವೆನ್ನಲಿಲ್ಲ.

ಇಲ್ಲಿ ಶುಕ್ರವಾರ ನನಗೊಂದು ಕೇಕು ಕತ್ತರಿಸಿದರು. ಮೂವತ್ನಾಲ್ಕು ವರ್ಷದಲ್ಲಿ ಒಂದು ಹಾಜರಿಯನ್ನೂ, ಒಂದು ಮತವನ್ನೂ ತಪ್ಪಿಸಿಲ್ಲವೆಂದು ಗುಮಾಸ್ತ ಹಳೆಯ ಕಡತ ತೆಗೆದು ಲೆಕ್ಕ ಹಾಕಿದ್ದಾನೆ. ಪತ್ರಿಕೆಯವರು ಫೋಟೋ ತೆಗೆದರು. ಭಾಷಣಕ್ಕೆ ಎದ್ದವನು ಯಾರು? ಬ್ಯೂಟ್ ಊರಿನ ಗಣಿ ಕಾರ್ಮಿಕರ ಪ್ರತಿನಿಧಿ ಫಿಂಟನ್ ಡೂಲಿ. ಇಪ್ಪತ್ತೆಂಟು ವರ್ಷದಿಂದ ನಾನು ಹೌದೆಂದದ್ದಕ್ಕೆಲ್ಲ ಇಲ್ಲವೆಂದವನು. "ಮೂವತ್ನಾಲ್ಕು ವರ್ಷ ಒಂದ್ ದಿನಾನೂ ತಪ್ಪಿಸದೆ ಬಂದಿದಾನೆ ಸ್ವಾಮಿ ಈ ಹಾಲ್ವರ್ ಬ್ರೆಕ್ಕೆ! ಅದಕ್ಕೇ ಈ ರಾಜ್ಯ ಈ ಗತಿಗೆ ಬಂದಿರೋದು" ಎಂದ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

ನಮ್ಮಲ್ಲಿ ಜೋಡಿ ಎಂಬ ಹಳೆಯ ಪದ್ಧತಿಯೊಂದಿದೆ, ಊಟದ ಮೇಜಿನಲ್ಲಿ ಹೇಳಿದ್ದೆನೋ ಇಲ್ಲವೋ. ಮತದ ದಿನ ಯಾವನಿಗಾದರೂ ಊರಿಗೆ ಹೋಗಲೇಬೇಕಾದರೆ ಅವನು ಎದುರು ಪಾಳಯದ ಒಬ್ಬನ ಕೈ ಕುಲುಕುತ್ತಾನೆ. ಇವನು ಇಲ್ಲದಾಗ ಅವನೂ ಮತ ಹಾಕದೆ ಕೂರುತ್ತಾನೆ. ತಕ್ಕಡಿ ಹಾಗೆಯೇ ಉಳಿಯುತ್ತದೆ. ಸಹಿ ಇಲ್ಲ, ಸಾಕ್ಷಿ ಇಲ್ಲ, ಬರೀ ಮಾತು. ಎಲ್ಲರೂ ಎಂದಾದರೊಮ್ಮೆ ಜೋಡಿ ಕೇಳಿದ್ದಾರೆ, ನಾನೊಬ್ಬ ಕೇಳಿಲ್ಲ. ಕೇಕು ಅದಕ್ಕೇ.

ನನ್ನ ಮಸೂದೆ ಫೆಬ್ರವರಿಯಲ್ಲಿ ಮತಕ್ಕೆ ಬರುತ್ತದೆ. ವೈದ್ಯರಿಲ್ಲದ ಪ್ರತಿ ಜಿಲ್ಲೆಗೂ ಒಂದು ಆಂಬುಲೆನ್ಸು, ತರಬೇತಾದ ಇಬ್ಬರು ದಾದಿಯರು. ಆರು ಸಲ ತಂದಿದ್ದೇನೆ, ಆರು ಸಲವೂ ಬಿದ್ದಿದೆ. ಈ ಸಲ ಆದೀತು.

ಮಗು ಹಾಲು ಚೆನ್ನಾಗಿ ಕುಡಿಯುತ್ತಿದೆಯೇ? ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ?

ನಿನ್ನ ಅಪ್ಪ


ನಾರ್ಬಿ
28 ಜನವರಿ 1981

ಅಪ್ಪ,

ಕೇಕಿನ ಫೋಟೋ ನಮ್ಮೂರ ಪತ್ರಿಕೆಯಲ್ಲೂ ಬಂತು. ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಇಲ್ಲಿ ಚಳಿ ಸೊನ್ನೆಗಿಂತ ಮೂವತ್ತು ಕೆಳಗೆ. ಒಗೆದು ಹೊರಗೆ ಹಾಕಿದ ಹಾಸುಬಟ್ಟೆಗಳು ಹಲಗೆಯಾಗಿ ನಿಲ್ಲುತ್ತವೆ. ಇವತ್ತು ನಾಲ್ಕು ಒಗೆದೆ, ನಿನ್ನೆ ಐದು. ಒಗೆದ ಬಟ್ಟೆಯ ವಾಸನೆ ಮನೆಗೆ ಒಳ್ಳೆಯದು. ಮಗು ಚುರುಕಾಗಿದೆ, ಕಣ್ಣು ಬಿಟ್ಟು ಎಲ್ಲವನ್ನೂ ನೋಡುತ್ತದೆ. ಮಿಸೆಸ್ ಹೌಗನ್ ಮೊನ್ನೆ ಆಲೂಗೆಡ್ಡೆಯ ಲೆಫ್ಸೆ ರೊಟ್ಟಿ ತಂದುಕೊಟ್ಟಳು, ಅಮ್ಮನದರಷ್ಟು ತೆಳ್ಳಗಿರಲಿಲ್ಲ.

ನಿನ್ನ ಮಸೂದೆಗೆ ಒಳ್ಳೆಯದಾಗಲಿ. ಕೋಟಿನ ಒಳಗೆ ಉಣ್ಣೆಯ ಬನಿಯನ್ನು ಹಾಕಿಕೊ.

ಇಲ್ಲಿ ಎಲ್ಲ ಕ್ಷೇಮ.

ಸಿಗ್ರಿಡ್


ಹೆಲೆನಾ
31 ಜನವರಿ 1981

ಸಿಗ್ರಿಡ್,

ಇದನ್ನು ಹೇಗೆ ಆರಂಭಿಸಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ.

ಸಮಿತಿಗಳಲ್ಲಿ ಕೂತು ಸಾವಿರಾರು ಸಾಕ್ಷಿಗಳ ಮಾತು ಕೇಳಿದವನು ನಾನು. ಜನ ಏನು ಹೇಳಿದರು ಎನ್ನುವುದಕ್ಕಿಂತ ಏನು ಬಿಟ್ಟರು ಎನ್ನುವುದನ್ನು ಕೇಳುವ ಅಭ್ಯಾಸವಾಗಿದೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಚಳಿ ಇದೆ, ಬಟ್ಟೆ ಇದೆ, ಮಿಸೆಸ್ ಹೌಗನ್ ಇದ್ದಾಳೆ, ಲೆಲಂಡ್ ಇಲ್ಲ. ಒಂದು ಸಾಲಿನಲ್ಲೂ ಇಲ್ಲ.

ಮೊದಲ ಮಗು ಹುಟ್ಟಿದಾಗ ಗಂಡಸರಿಗೆ ಮನೆಯಲ್ಲಿ ಜಾಗ ಕಡಿಮೆಯಾದಂತೆ ಅನಿಸುತ್ತದೆ. ಕೆಲವರು ಕೊಟ್ಟಿಗೆಗೆ ಹೋಗುತ್ತಾರೆ, ಕೆಲವರು ಮದ್ಯದಂಗಡಿಗೆ, ಕೆಲವರು ಶಾಸನಸಭೆಗೆ. ಹೋದವನು ಕೆಟ್ಟವನೆಂದೇ ಅಲ್ಲ. ಅವನು ಮನೆ ಬಿಟ್ಟು ಹೋಗಿದ್ದರೆ ನನಗೆ ಹೇಳು. ನಾನು ಕೂಗಾಡುವುದಿಲ್ಲ. ಅವನ ಮೇಲಧಿಕಾರಿಯನ್ನು ನಾನು ಬಲ್ಲೆ, ಒಂದು ಮಾತು ಹೇಳಿಸಬಹುದು. ಬೇಡವೆಂದರೆ ಅದೂ ಬೇಡ.

ಅಪ್ಪ


ನಾರ್ಬಿ
3 ಫೆಬ್ರವರಿ 1981

ಅಪ್ಪ,

ನಿನ್ನ ಕಾಗದ ಓದಿ ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ. ಹತ್ತು ದಿನದಲ್ಲಿ ಮೊದಲ ನಗು. ಲೆಲಂಡ್ ಎಲ್ಲೂ ಹೋಗಿಲ್ಲ. ಹಳಿಯ ಮೇಲಿನ ಹಿಮ ತೆಗೆಯುವ ಗಾಡಿಯ ಜೊತೆ ವಾರದಲ್ಲಿ ಹೆಚ್ಚು ದಿನ ಹೊರಗಿರುತ್ತಾನೆ, ಮನೆಗೆ ಬಂದರೆ ಬೂಟು ಕೂಡ ಬಿಚ್ಚದೆ ಮಗುವನ್ನು ಎತ್ತಿಕೊಳ್ಳುತ್ತಾನೆ. ನಿನ್ನ ಕಾಗದ ತೋರಿಸಿದೆ. "ನಿಮ್ಮಪ್ಪನಿಗೆ ಬರಿ, ನಾನು ಓಡಿಹೋಗೋಕೂ ಹಳಿ ಖಾಲಿ ಇಲ್ಲ ಅಂತ" ಎಂದ.

ನಗು ನಿಂತ ಮೇಲೆ ಅಳು ಬಂತು. ಹಾಗಾಗಿ ಈಗ ನಿಜ ಬರೆಯುತ್ತೇನೆ.

ಮಗು ಹಾಲು ಕಕ್ಕುತ್ತಿದೆ. ಎಲ್ಲ ಮಕ್ಕಳೂ ಕಕ್ಕುವ ಹಾಗೆ ಗಲ್ಲದಿಂದ ಜಿನುಗುವುದಲ್ಲ. ಕುಡಿದು ಕಾಲು ಗಂಟೆಯಲ್ಲಿ ಕಾರಂಜಿಯ ಹಾಗೆ ಚಿಮ್ಮುತ್ತದೆ, ತೊಟ್ಟಿಲು ದಾಟಿ ಗೋಡೆಗೆ ಬೀಳುತ್ತದೆ. ಕಕ್ಕಿದ ಮರುಕ್ಷಣ ಮತ್ತೆ ಹಸಿವು, ಮುಷ್ಟಿ ಚೀಪುತ್ತದೆ. ಕೊಟ್ಟರೆ ಕುಡಿಯುತ್ತದೆ, ಮತ್ತೆ ಚಿಮ್ಮುತ್ತದೆ. ಅಷ್ಟೊಂದು ಬಟ್ಟೆ ಒಗೆದದ್ದು ಅದಕ್ಕೇ. ಈಗ ತೂಕ ಹುಟ್ಟಿದ ದಿನಕ್ಕಿಂತ ಕಡಿಮೆ. ತೊಡೆಯ ಚರ್ಮ ಮುದುಕರದರ ಹಾಗೆ ಸಡಿಲವಾಗಿದೆ. ಎರಡು ಸಲ ಕ್ಲಿನಿಕ್ಕಿಗೆ ಹೋದೆ. ವೈದ್ಯರು ಬರುವುದು ಹದಿನೈದು ದಿನಕ್ಕೊಮ್ಮೆ. ಅಲ್ಲಿದ್ದ ದಾದಿ, "ಮೊದಲನೇ ಮಗು ಅಲ್ವಾ, ಹೀಗೇ ಇರುತ್ತೆ. ನೀವು ಕಾಲೇಜು ಓದಿದೋರು, ಪುಸ್ತಕ ಓದಿ ಓದಿ ಹೆದರ್ಕೋತೀರಿ. ಮನೆಗೆ ಹೋಗಿ ಸ್ವಲ್ಪ ಮಲಕ್ಕೊಳ್ಳಿ" ಎಂದಳು.

ಮಲಗಲು ಆಗುವುದಿಲ್ಲ ಅಪ್ಪ. ಕಣ್ಣು ಮುಚ್ಚಿದರೆ ಅವನು ಉಸಿರು ಬಿಟ್ಟನೋ ಇಲ್ಲವೋ ಎಂದು ಎದ್ದು ಕೂರುತ್ತೇನೆ. ಜೀವಶಾಸ್ತ್ರದಲ್ಲಿ ಪದವಿ ಪಡೆದವಳು ನಾನು, ಕಪ್ಪೆಯ ಹೊಟ್ಟೆ ಕೊಯ್ದು ಒಳಗಿನದೆಲ್ಲ ಹೆಸರಿಸಿದ್ದೇನೆ. ನನ್ನ ಮಗುವಿನ ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿಯುತ್ತಿಲ್ಲ.

ಇದನ್ನು ಮೊದಲೇ ಏಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಅಮ್ಮನ ಕಟ್ಟಳೆ. ಅಧಿವೇಶನ ನಡೆಯುವಾಗ ಅಪ್ಪನಿಗೆ ಕೆಟ್ಟ ಸುದ್ದಿ ಬರೆಯಬಾರದು. ನಾನು ಓದುಬರಹ ಕಲಿತ ವರ್ಷವೇ ಹೇಳಿಕೊಟ್ಟಿದ್ದಳು. ಅಧಿವೇಶನ ಇರುವುದು ಬೆಸ ವರ್ಷಗಳಲ್ಲಿ ತಾನೇ? ಹಾಗಾಗಿ ಸಮ ವರ್ಷದಲ್ಲಿ ಬಿದ್ದ ಹಲ್ಲು ಅಂದೇ ನಿನಗೆ ಗೊತ್ತಾಗುತ್ತಿತ್ತು, ಬೆಸ ವರ್ಷದಲ್ಲಿ ಮುರಿದ ಕೈ ಏಪ್ರಿಲ್‌ನಲ್ಲಿ ಗೊತ್ತಾಗುತ್ತಿತ್ತು. ಅರವತ್ತೊಂಬತ್ತರಲ್ಲಿ ಅಮ್ಮನಿಗೆ ಕ್ಯಾನ್ಸರ್ ಎಂದು ಜನವರಿಯಲ್ಲೇ ತಿಳಿದಿತ್ತು. ನಿನಗೆ ಬರೆದ ಒಂದೊಂದು 'ಎಲ್ಲ ಕ್ಷೇಮ'ವನ್ನೂ ಅಂಚೆಗೆ ಹಾಕಿದವಳು ನಾನು. ನನಗಾಗ ಹದಿನಾರು.

ನೀನು ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ಯಾರಿಗಾದರೂ ಹೇಳಬೇಕಿತ್ತು, ಅಷ್ಟೇ.

ಸಿಗ್ರಿಡ್


ಹೆಲೆನಾ
6 ಫೆಬ್ರವರಿ 1981
(ಬಿಲ್ಲಿಂಗ್ಸ್, ಆಸ್ಪತ್ರೆಯ ಮಕ್ಕಳ ವಾರ್ಡಿಗೆ)

ಸಿಗ್ರಿಡ್,

ನಿನ್ನೆ ಫೋನಿನಲ್ಲಿ ನಾನು ಕಿರುಚಿದ್ದು ನಿನಗೆ ತಿಳಿಯಿತಲ್ಲ, ಅದು ದೊಡ್ಡದು. ಕಿವಿಯಂತ್ರ ಕಿತ್ತು ಮೇಜಿನ ಮೇಲಿಟ್ಟು ಕಿರುಚಿದೆ. ನೀನು ಏನು ಹೇಳಿದೆ ಎಂದು ನನಗೆ ಕೇಳಿಸುತ್ತಿರಲಿಲ್ಲ, ಹಾಗಾಗಿ ಅದನ್ನೇ ಏಳೆಂಟು ಸಲ ಹೇಳಿದೆ: ಈಗಲೇ ಬಿಲ್ಲಿಂಗ್ಸಿಗೆ ಹೊರಡಿ, ಹೊಟ್ಟೆಯ ಬಾಯಿ ಕಟ್ಟಿದೆಯೇ ನೋಡಿ ಎಂದು ವೈದ್ಯರಿಗೆ ಹೇಳಿ, ನಮ್ಮ ಮನೆಯಲ್ಲಿ ಹಿಂದೆಯೂ ಆಗಿದೆ ಎಂದು ಹೇಳಿ. ಬಾಡಿಗೆ ಮನೆಯವರೆಲ್ಲ ಓಣಿಗೆ ಬಂದು ನಿಂತಿದ್ದರಂತೆ.

ಇವತ್ತು ಬೆಳಿಗ್ಗೆ ಲೆಲಂಡ್ ಆಸ್ಪತ್ರೆಯಿಂದ ಫೋನು ಮಾಡಿ ಇಲ್ಲಿನ ಮನೆಯೊಡತಿಗೆ ಸಂದೇಶ ಬಿಟ್ಟಿದ್ದ. ವೈದ್ಯರ ಬೆರಳಿಗೆ ಆಲಿವ್ ಕಾಯಿಯಷ್ಟು ಗಂಟು ಸಿಕ್ಕಿತಂತೆ. ಮೈಯಲ್ಲಿ ನೀರು ತೀರಿದೆ, ಎರಡು ದಿನ ನರಕ್ಕೆ ನೀರು ಕೊಟ್ಟು ಸೋಮವಾರ ಮಧ್ಯಾಹ್ನ ಶಸ್ತ್ರಕ್ರಿಯೆಯಂತೆ.

ಹಿಂದೆಯೂ ಆಗಿದೆ ಎಂದೆನಲ್ಲ, ಅದನ್ನು ಕಾಗದದಲ್ಲೇ ಹೇಳಬೇಕು.

ನಿನಗೊಬ್ಬ ಅಣ್ಣನಿದ್ದ. ಇವರ್ ಎಂದು ಹೆಸರು. ನನ್ನ ಮೊದಲ ಅಧಿವೇಶನ, 1947. ಐದು ವಾರದ ಮಗು. ಒಂದು ಮಧ್ಯಾಹ್ನ ಸಭೆಯಲ್ಲಿ ಮತಕ್ಕೆ ಹೆಸರು ಕೂಗುತ್ತಿರುವಾಗ ನನ್ನ ಮೇಜಿಗೆ ತಂತಿ ತಂದಿಟ್ಟರು. ಹೊಸಬ ನಾನು, ಮತದ ನಡುವೆ ಕಾಗದ ಬಿಚ್ಚಿದರೆ ಹಳಬರು ಏನೆಂದುಕೊಂಡಾರೋ ಎಂದು ಜೇಬಿಗೆ ಹಾಕಿಕೊಂಡೆ. ಒಂದಾದ ಮೇಲೊಂದು ನಾಲ್ಕು ಮತ. ಕೊನೆಯದು ಬೆಳೆ ತಿನ್ನುವ ನೆಲದ ಅಳಿಲು ಕೊಂದವರಿಗೆ ಇನಾಮು ಕೊಡುವ ಮಸೂದೆ. ಹೌದು ಎಂದೆ. ಹೊರಗೆ ಬಂದು ಬಿಚ್ಚಿದೆ. 'ಮಗುವಿಗೆ ಹುಷಾರಿಲ್ಲ ಬಾ' ಎಂದಿತ್ತು. ಅಷ್ಟು ಹೊತ್ತಿಗೆ ಸಂಜೆಯ ರೈಲು ಹೋಗಿತ್ತು. ಮರುದಿನದ ರೈಲು ಹಿಮದಲ್ಲಿ ಸಿಕ್ಕಿಬಿತ್ತು. ನಾನು ತಲುಪಿದಾಗ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಹೊಟ್ಟೆಯ ಬಾಯಿ ಕಟ್ಟಿತ್ತು, ಎರಡು ದಿನ ಮುಂಚೆ ಊರು ದಾಟಿಸಿದ್ದರೆ ಒಂದು ಸಣ್ಣ ಕೊಯ್ತದಲ್ಲಿ ಸರಿಹೋಗುತ್ತಿತ್ತು ಎಂದರು. ದಾಟಿಸಲು ಗಾಡಿಯಿರಲಿಲ್ಲ. ನಿನ್ನ ಅಮ್ಮ ಅವನನ್ನು ತವರೂರಿನ ಚರ್ಚಿನಲ್ಲಿ ಮಣ್ಣು ಮಾಡಿಸಿದಳು.

ಆಮೇಲೆ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಚಳಿಗಾಲದ ಕಾಗದಗಳಲ್ಲಿ ಎಲ್ಲ ಕ್ಷೇಮವೆಂದೇ ಬರೆದಳು. ನಾನು ಎಂಥ ಮೂರ್ಖನೆಂದರೆ, ಬೆಸ ವರ್ಷಗಳಲ್ಲಿ ನಮ್ಮ ಮನೆಗೆ ದೇವರ ಕಾವಲಿದೆಯೆಂದು ನಂಬಿದ್ದೆ. ಅದು ಕಟ್ಟಳೆಯೆಂದು ಮೊನ್ನೆ ನಿನ್ನ ಕಾಗದದಿಂದ ತಿಳಿಯಿತು.

ಒಂದು ಹಾಜರಿಯನ್ನೂ ತಪ್ಪಿಸದ್ದಕ್ಕೆ ಕೇಕು ಕತ್ತರಿಸಿದರಲ್ಲ, ಅದರ ಮೂಲ ಇದು. ಆ ಅಳಿಲಿನ ಮತಕ್ಕೆ ಅಷ್ಟು ಬೆಲೆ ಕೊಟ್ಟಿದ್ದೇನೆ. ಅದಕ್ಕಿಂತ ಸಣ್ಣ ಕಾರಣಕ್ಕೆ ಬೇರೊಂದನ್ನು ಬಿಟ್ಟರೆ ಹೇಗೆ? ಆಂಬುಲೆನ್ಸಿನ ಮಸೂದೆಯ ಮೂಲವೂ ಇದೇ.

ಅದು ಸೋಮವಾರ ಮಧ್ಯಾಹ್ನ ಒಂದಕ್ಕೆ ಮತಕ್ಕೆ ಬರುತ್ತದೆ. ಒಬ್ಬ ಸದಸ್ಯ ನ್ಯುಮೋನಿಯಾದಿಂದ ಮಲಗಿದ್ದಾನೆ, ಉಳಿದವರು ನಲವತ್ತೊಂಬತ್ತು. ಇಪ್ಪತ್ತೈದು ನಮ್ಮ ಕಡೆ, ಇಪ್ಪತ್ನಾಲ್ಕು ಆ ಕಡೆ. ನಾನಿಲ್ಲದಿದ್ದರೆ ಸಮಸಮ, ಸಮವಾದರೆ ಮಸೂದೆ ಬಿದ್ದಂತೆ. ಆದ್ದರಿಂದ ನಾನು ಬರಲಾರೆ, ಸಿಗ್ರಿಡ್. ಬಂದು ಮಾಡುವುದೇನು? ನಾನು ವೈದ್ಯನಲ್ಲ. ಇಲ್ಲಿದ್ದರೆ ಒಂದು ಮತವಾದರೂ ಆಗುತ್ತೇನೆ.

ನಿನ್ನ ಕಾಗದದಲ್ಲಿ ಲೆಲಂಡ್ ಇರಲಿಲ್ಲ, ಹಾಲಿನ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರವೂ ಇರಲಿಲ್ಲ. ಎರಡನ್ನೂ ಕಂಡಿದ್ದೆ. ಹೆದರಿಕೆಯಾದದ್ದನ್ನು ಬಿಟ್ಟು ಹೆದರಿಕೆಯಿಲ್ಲದ್ದನ್ನು ಕೇಳಿದೆ.

ಅಪ್ಪ


ಬಿಲ್ಲಿಂಗ್ಸ್
7 ಫೆಬ್ರವರಿ 1981

ಅಪ್ಪ,

ನಿನ್ನ ಕಾಗದ ಈಗ ಹನ್ನೊಂದು ಗಂಟೆಗೆ ಬಂತು.

ಇವರ್‌ಗಾಗಿ ಅತ್ತೆ. ಅಮ್ಮನಿಗಾಗಿಯೂ. ನನ್ನ ಮಗುವಿನ ಹಣೆಯ ನರಕ್ಕೆ ಸೂಜಿ ಚುಚ್ಚಿ ಟೇಪು ಅಂಟಿಸಿದ್ದಾರೆ, ಹಾಲು ಕೊಡುವ ಹಾಗಿಲ್ಲ. ಹಸಿವಿಗೆ ಬಾಯಿ ತೆರೆದು ನನ್ನ ಕಡೆಗೇ ತಿರುಗುತ್ತಾನೆ. ನಾನು ಇನ್ನೊಂದು ಕಡೆ ನೋಡುತ್ತೇನೆ. ಸೋಮವಾರದವರೆಗೆ ನನಗಿರುವ ಕೆಲಸ ಇದು.

ನೀನು ಲೆಕ್ಕ ಕೊಟ್ಟಿದ್ದೀಯ, ಇಪ್ಪತ್ತೈದು, ಇಪ್ಪತ್ನಾಲ್ಕು. ಲೆಕ್ಕ ಸರಿಯಾಗಿದೆ. ಯಾವ ತಾಯಿಯೂ ನಿನ್ನ ಮಸೂದೆಗೆ ಇಲ್ಲವೆನ್ನಲಾರಳು, ನಾನಂತೂ ಹೇಗೆ ಅನ್ನಲಿ? ಮುನ್ನೂರು ಮೈಲಿ ಲೆಲಂಡನ ಟ್ರಕ್ಕಿನಲ್ಲಿ ಮಗುವನ್ನು ಕೋಟಿನೊಳಗೆ ಕಟ್ಟಿಕೊಂಡು ಬಂದವಳು ನಾನು. ದಾರಿಯಲ್ಲಿ ಎರಡು ಸಲ ಅವನ ಮೂಗಿನ ಹತ್ತಿರ ಕನ್ನಡಕ ಹಿಡಿದು ಆವಿ ಬರುತ್ತದೆಯೇ ಎಂದು ನೋಡಿದೆ.

ಆದರೂ ಕೇಳು. ಬಂದು ಮಾಡುವುದೇನು ಎಂದು ಬರೆದಿದ್ದೀಯ. ಏನೂ ಇಲ್ಲ. ಕೂರುವುದು. ಹದಿನಾರನೇ ವಯಸ್ಸಿನಲ್ಲಿ ನಾನು ಅಮ್ಮನ ಹತ್ತಿರ ಮಾಡಿದ್ದೂ ಅಷ್ಟೇ.

ಈ ಸಲದ ತಂತಿ ನಾನೇ. ಜೇಬಿಗೆ ಹಾಕಿಕೊ.

ಸಿಗ್ರಿಡ್


ಹೆಲೆನಾ
11 ಫೆಬ್ರವರಿ 1981

ಸಿಗ್ರಿಡ್,

ಇವತ್ತು ಮಧ್ಯಾಹ್ನ ಬಂದಿಳಿದಾಗ ನಿನ್ನ ಏಳನೆಯ ತಾರೀಖಿನ ಕಾಗದ ಮೇಜಿನ ಮೇಲೆ ಕಾದಿತ್ತು. ಜೇಬಿಗೆ ಹಾಕಿಕೊಳ್ಳಲಿಲ್ಲ. ಟೋಪಿ ಕೂಡ ತೆಗೆಯದೆ ನಿಂತಲ್ಲೇ ಓದಿದೆ. ಎರಡು ದಿನ ಅಕ್ಕಪಕ್ಕ ಕೂತಿದ್ದೆವು, ನೀನು ಹೀಗೊಂದು ಕಾಗದ ಹಾಕಿದ್ದೇನೆ ಎಂದು ಹೇಳಲೇ ಇಲ್ಲ. ನಾನು ಹೇಗೆ ಬಂದೆನೆಂದು ಕೇಳಲೂ ಇಲ್ಲ. ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಮೂಲೆಯ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದೆ. ಡೂಲಿ ಬಂದು ಎದುರಿಗೆ ಕೂತ.

"ಬ್ರೆಕ್ಕೆ, ನೀನು ಕಾಫಿಗೆ ಉಪ್ಪು ಹಾಕ್ಕೊಂಡು ಕಲಸ್ತಿದೀಯ. ಯಾರು ಸತ್ರು?"

"ಯಾರೂ ಸತ್ತಿಲ್ಲ. ಇನ್ನೂ."

ಬಾಯಿಬಿಡಿಸಿದ. ಆರ್ನೆಯದನ್ನು ಹೇಳಿದೆ. ಮೂವತ್ನಾಲ್ಕು ವರ್ಷದಲ್ಲಿ ನಿನಗೆ ಬಿಟ್ಟರೆ ಯಾರಿಗೂ ಹೇಳದ ಇವರ್‌ನದನ್ನೂ ಹೇಳಿದೆ, ಅದೂ ಈ ಮನುಷ್ಯನಿಗೆ. ಅವನು ನನ್ನ ತಟ್ಟೆಯ ರೊಟ್ಟಿ ತಿನ್ನುತ್ತಾ ಕೇಳಿದ.

"ನಂಗೆ ಏಳು ಮಕ್ಕಳು ಕಣಯ್ಯಾ. ಒಂದು ಹುಟ್ಟುವಾಗ್ಲೂ ನಾನು ಮನೇಲಿರ್ಲಿಲ್ಲ. ನೆಲದೊಳಗೆ ಮೂರು ಸಾವಿರ ಅಡಿ ಕೆಳಗೆ ತಾಮ್ರ ಅಗೀತಿದ್ದೆ, ಮೇಲೆ ಬಿಡ್ತಿರ್ಲಿಲ್ಲ. ನಿನ್ನನ್ನ ಯಾವ ಗಣಿ ಹಿಡ್ಕೊಂಡಿದೆ?"

"ಸೋಮವಾರದ ಮತ."

"ಅದಕ್ಕೇ ಜೋಡಿ ಇರೋದು ತಾನೇ? ಕೈ ಕೊಡು."

"ಡೂಲಿ, ನೀನು ಮತ ಹಾಕದಿದ್ರೆ ನನ್ನ ಮಸೂದೆ ಗೆಲ್ಲುತ್ತೆ. ನಿಮ್ಮ ಪಕ್ಷದವರು ನಿನ್ನ ಚರ್ಮ ಸುಲೀತಾರೆ."

"ಸುಲೀಲಿ. ಒಳಗೆ ಬರೀ ಬೀರು. ಆ ಮಸೂದೆ ಈಗ್ಲೂ ನಂಗೆ ಇಷ್ಟ ಇಲ್ಲ, ತಿಳ್ಕೋ. ನಮ್ಮ ಗಣಿ ತೆರಿಗೆ ತಗೊಂಡು ನಿಮ್ಮ ಗೋಧಿ ಹೊಲದಲ್ಲಿ ಆಂಬುಲೆನ್ಸ್ ಓಡಿಸ್ತೀಯಂತೆ. ಆದ್ರೆ ಅದನ್ನ ಬೀಳಿಸ್ಬೇಕು ಅಂದ್ರೆ ನೀನು ಇರುವಾಗ ಬೀಳಿಸ್ತೀನಿ. ಇಲ್ಲದವನ ಬೆನ್ನಿಗೆ ಹೊಡೆಯೋದು ಯಾವ ಸುಖ? ಕೈ ಕೊಡು ಅಂದೆ."

ಕೊಟ್ಟೆ. ನನ್ನ ಕೈಗೆ ಏನು ಬಂತು ಗೊತ್ತೇ? ಅವನ ಕಾರಿನ ಕೀಲಿಕೈ.

"ನಿನ್ನ ಡಬ್ಬಾ ಬೋಜ್‌ಮನ್ ಘಾಟಿ ಹತ್ತಲ್ಲ. ನಂದು ತಗೊಂಡು ಹೋಗು. ಎಲ್ಲಾದ್ರೂ ಗೀಚಿದೀಯೋ, ನಿನ್ನ ಮುಂದಿನ ಮಸೂದೆಗೆ ಎರಡೆರಡು ಸಲ ಇಲ್ಲ ಅಂತೀನಿ."

ಘಾಟಿಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿದ್ದರು. ಸೋಮವಾರ ಬೆಳಿಗ್ಗೆ ಬಿಟ್ಟರು. ವಾರ್ಡಿಗೆ ಬಂದಾಗ ಹನ್ನೆರಡೂಕಾಲು. ಮಗುವನ್ನು ಆಗಲೇ ಒಳಗೆ ಕರೆದೊಯ್ದಿದ್ದರು. ನೀನು ಬೆಂಚಿನ ಮೇಲೆ ಕೂತಿದ್ದೆ. ಬಂದೆಯಾ ಎನ್ನಲಿಲ್ಲ, ಅಳಲಿಲ್ಲ, ತಬ್ಬಲೂ ಇಲ್ಲ. "ಇದನ್ನ ಹಿಡ್ಕೋ" ಎಂದು ಮಗುವಿನ ಕಂಬಳಿ ನನ್ನ ಕೈಗೆ ಕೊಟ್ಟೆ. ಇನ್ನೂ ಬೆಚ್ಚಗಿತ್ತು.

ಗೋಡೆಯ ಗಡಿಯಾರದಲ್ಲಿ ಒಂದಾಗಿ ಐದು ನಿಮಿಷಕ್ಕೆ ನಾನು ಎದ್ದು ನಿಂತೆ, ನೀನು ಏನೆಂದು ನೋಡಿದೆ. ಅಭ್ಯಾಸಬಲ. ನನ್ನ ಹೆಸರು ಪಟ್ಟಿಯ ಆರಂಭದಲ್ಲೇ ಬರುತ್ತದೆ. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಹೆಸರು ಕೂಗಿ ಉತ್ತರವಿಲ್ಲದೆ ಮುಂದೆ ಹೋಯಿತು. ನಾನು ಆಸ್ಪತ್ರೆಯಲ್ಲಿ ಕಂಬಳಿ ಹಿಡಿದು ನಿಂತಿದ್ದೆ. ಎದೆ ಒಡೆಯಬಹುದು ಎಂದುಕೊಂಡಿದ್ದೆ. ಒಡೆಯಲಿಲ್ಲ. ಭಾರ ಇಳಿಸಿ ಕೂತ ಹಾಗಾಯಿತು.

ಆಗಲೇ ಆ ಚಿಕ್ಕ ವಯಸ್ಸಿನ ವೈದ್ಯ ಹೊರಗೆ ಬಂದು, "ಆಯ್ತು. ಗಂಟು ಬಿಡಿಸಿದ್ದೀವಿ. ಸಂಜೆಗೆ ಸ್ವಲ್ಪ ಸಕ್ಕರೆ ನೀರು ಕೊಡ್ಬಹುದು" ಎಂದ. ನೀನು "ನಿಲ್ಲುತ್ತಾ? ಹೊಟ್ಟೇಲಿ ನಿಲ್ಲುತ್ತಾ?" ಎಂದು ಅವನ ತೋಳು ಹಿಡಿದು ಮೂರು ಸಲ ಕೇಳಿದೆ. ಸಂಜೆ ಒಂದು ಚಮಚ ಕೊಟ್ಟು, ಇಬ್ಬರೂ ಆ ಪುಟ್ಟ ಬಾಯಿಯನ್ನೇ ನೋಡುತ್ತಾ ಕೂತೆವಲ್ಲ, ಅಂಥ ಮತದೆಣಿಕೆಯನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ. ನಿಂತಿತು.

ಇಲ್ಲಿ ಆದದ್ದನ್ನು ಗುಮಾಸ್ತ ಹೇಳಿದ. ಡೂಲಿಯ ಹೆಸರು ಕೂಗಿದಾಗ ಅವನು ಎದ್ದು, "ನಾರ್ಬಿಯ ಸದಸ್ಯನ ಜೊತೆ ನನ್ನ ಜೋಡಿ ಇದೆ. ಅವನಿದ್ದಿದ್ರೆ ಹೌದು ಅಂತಿದ್ದ, ನಾನು ಇಲ್ಲ ಅಂತಿದ್ದೆ. ಹಾಗಾಗಿ ನಾನು ಮತ ಹಾಕೋದಿಲ್ಲ" ಎಂದನಂತೆ. ಅವನ ಪಕ್ಷದ ಮುಖಂಡ "ಏ, ಹಾಕಯ್ಯಾ ಮತ!" ಎಂದು ಕೂಗಿದನಂತೆ. "ಕೈ ಕೊಟ್ಟಾಗಿದೆ" ಎಂದು ಕೂತನಂತೆ. ಇಪ್ಪತ್ನಾಲ್ಕು, ಇಪ್ಪತ್ಮೂರು. ಇನ್ನು ಕೆಳಮನೆ ದಾಟಬೇಕು. ಅಲ್ಲಿ ತೊಂದರೆಯಿಲ್ಲ ಎನ್ನುತ್ತಾರೆ.

ಕಾರಿಗೆ ಒಂದು ಗೀಚೂ ಆಗಿಲ್ಲ. ಅವನು ಸುತ್ತ ಎರಡು ಸಲ ನಡೆದು ನೋಡಿದ.

ಸಭೆಯ ದಾಖಲೆಯಲ್ಲಿ ನನ್ನ ಹೆಸರಿನ ಎದುರು 'ಗೈರು' ಎಂದು ಬಿದ್ದಿದೆ. ಆ ಹಾಳೆಯ ಒಂದು ಪ್ರತಿ ತೆಗೆಸಿಕೊಂಡಿದ್ದೇನೆ, ಆರ್ನೆಗೆ.

ಮುಂದಿನ ಚುನಾವಣೆಗೆ ನಿಲ್ಲಬಾರದೆಂದಿದ್ದೇನೆ. ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ನೀನೇ ಹೇಳು. ಅಮ್ಮನ ಕಟ್ಟಳೆಯನ್ನು ಇಂದಿಗೆ ರದ್ದು ಮಾಡುತ್ತಿದ್ದೇನೆ. ಚರ್ಚೆಗೆ ಅವಕಾಶವಿಲ್ಲ.

ಅಪ್ಪ


ನಾರ್ಬಿ
24 ಫೆಬ್ರವರಿ 1981

ಅಪ್ಪ,

ಕಟ್ಟಳೆ ರದ್ದಾಯಿತಲ್ಲ, ಹಾಗಾದರೆ ತಗೋ.

ಒಗೆಯುವ ಯಂತ್ರ ಕೆಟ್ಟಿದೆ. ಹದಿನೈದು ದಿನ ಹಗಲೆಲ್ಲ ಅದನ್ನು ಓಡಿಸಿದವಳು ನಾನೇ, ಬೈಯುವ ಹಾಗಿಲ್ಲ. ಲೆಲಂಡನ ಎಡಗಾಲಿನ ಹೆಬ್ಬೆರಳು ಚಳಿಗೆ ನೀಲಿಗಟ್ಟಿದೆ. ಉದುರುವುದಿಲ್ಲವಂತೆ, ಆದರೂ ದಿನಕ್ಕೆ ಹತ್ತು ಸಲ ಕಾಲುಚೀಲ ಬಿಚ್ಚಿ ತೋರಿಸುತ್ತಾನೆ. ಲೆಫ್ಸೆ ಮಾಡಲು ಹೋಗಿ ಹೆಂಚಿನ ಮೇಲೆ ಆರು ಸುಟ್ಟೆ, ಅಮ್ಮನ ಲಟ್ಟಣಿಗೆಯ ಹಿಡಿ ಮುರಿಯಿತು. ಮಿಸೆಸ್ ಹೌಗನ್ ಹತ್ತನೆಯ ತಟ್ಟೆ ತಂದಿದ್ದಾಳೆ. ನೀನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಹೇಳಿದೆ. ಚಮಚ ಕೆಳಗಿಟ್ಟು ಕೇಳಿದಳು, "ಅಯ್ಯೋ ದೇವರೇ, ಸೆನೆಟರ್ ಊರಲ್ಲೇ ಇದ್ರೆ ನಮ್ಮ ಗತಿ ಏನೇ? ದಿನಾ ಭಾಷಣ ಮಾಡಲ್ವಾ?" ಅವಳ ಮಟ್ಟಿಗೆ ಅದು ಕೆಟ್ಟ ಸುದ್ದಿ. ನನ್ನ ಮಟ್ಟಿಗೆ ಯಾವುದೆಂದು ನಿನಗೆ ಗೊತ್ತು.

ಆರ್ನೆಗೆ ನೆಗಡಿ. ಮೂಗು ಕಟ್ಟಿ ಗೊರಕೆ ಹೊಡೆಯುತ್ತಾನೆ, ಥೇಟ್ ನಿನ್ನ ಹಾಗೆ. ಮೊನ್ನೆ ಪಾದ್ರಿಯವರು ಎತ್ತಿಕೊಂಡಾಗ ಅವರ ಕಪ್ಪು ಕೋಟಿನ ಮೇಲೆ ಹಾಲು ಕಕ್ಕಿದ. ನಾನು ಓಡಿ ಹೋಗಿ ಮಗುವನ್ನು ಕಿತ್ತುಕೊಂಡೆ. ನೋಡಿದರೆ ಒಂದು ಚಮಚದಷ್ಟು, ಗಲ್ಲದಿಂದ ಜಿನುಗಿದ್ದು, ಎಲ್ಲ ಮಕ್ಕಳ ಹಾಗೆ. ನಾನು ಜೋರಾಗಿ ನಕ್ಕುಬಿಟ್ಟೆ. ಪಾದ್ರಿಯವರು "ಪರವಾಗಿಲ್ಲಮ್ಮ, ಪರವಾಗಿಲ್ಲ" ಎನ್ನುತ್ತಲೇ ಇದ್ದರು, ನನಗೆ ನಗು ನಿಲ್ಲಲಿಲ್ಲ. ಕಾಲೇಜು ಓದಿದವರೆಲ್ಲ ಹೀಗೆಯೇ ಎಂದುಕೊಂಡಿರಬೇಕು.

ಅವನ ತೊಡೆಯಲ್ಲಿ ಈಗ ಒಂದು ಮಡಿಕೆ ಬಂದಿದೆ. ಕ್ಲಿನಿಕ್ಕಿನ ದಾದಿ ಮನೆಗೇ ಬಂದಿದ್ದಳು. ಹೊಟ್ಟೆಯ ಗಾಯದ ಗೆರೆ ನೋಡಿ, ಬಾಗಿಲ ಬಳಿ ನಿಂತು, "ನಾನು ಮುಟ್ಟಿ ನೋಡ್ಬೇಕಿತ್ತು" ಎಂದಳು. ಚಹಾ ಕೊಟ್ಟೆ. ಗಂಟು ಎಲ್ಲಿ ಸಿಗುತ್ತದೆ ಎಂದು ಅವಳ ಬೆರಳು ಹಿಡಿದು ತೋರಿಸಿದೆ. ನಿನ್ನ ಮಸೂದೆಯ ತರಬೇತಿಯಲ್ಲಿ ಅದನ್ನು ಸೇರಿಸಲು ಹೇಳು.

ನಿನ್ನೆ ನಾನು ಮಧ್ಯಾಹ್ನ ಮಲಗಿ ಸಂಜೆಯವರೆಗೂ ಎಚ್ಚರಗೊಳ್ಳಲಿಲ್ಲ. ಎದ್ದಾಗ ಮನೆಯೆಲ್ಲ ಸದ್ದಿಲ್ಲದೆ ಇತ್ತು. ಹೆದರಿ ಓಡಿ ಹೋಗಿ ನೋಡಿದರೆ ಲೆಲಂಡನ ಎದೆಯ ಮೇಲೆ ಅವನು, ಇಬ್ಬರಿಗೂ ಬಾಯಿ ತೆರೆದ ನಿದ್ದೆ. ಮೂಗಿನ ಹತ್ತಿರ ಕನ್ನಡಕ ಹಿಡಿಯಲಿಲ್ಲ. ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ.

ಏಪ್ರಿಲ್‌ನಲ್ಲಿ ನೀನು ಬಂದ ಮೇಲೆ, ನೆಲದ ಹಿಮ ಕರಗಿದಾಗ, ಇವರ್‌ನ ಹತ್ತಿರ ಹೋಗಿ ಬರೋಣ. ಅಣ್ಣನಿಗೆ ಸೋದರಳಿಯನನ್ನು ತೋರಿಸಬೇಕು. ಡೂಲಿಯವರಿಗೆ ಒಂದು ಡಬ್ಬಿ ಲೆಫ್ಸೆ ಕಳಿಸುತ್ತಿದ್ದೇನೆ, ಸುಡದೆ ಉಳಿದವು. ಇಷ್ಟವಾಗದಿದ್ದರೆ ಇಲ್ಲವೆನ್ನಲಿ, ಅಭ್ಯಾಸವಿದೆ.

ಅಧಿವೇಶನ ಇನ್ನೂ ಎರಡು ತಿಂಗಳಿದೆ. ಕೆಟ್ಟ ಸುದ್ದಿ ಸಿಕ್ಕ ಹಾಗೆಲ್ಲ ಬರೆಯುತ್ತೇನೆ. ಈಗ ನಿಲ್ಲಿಸಬೇಕು, ಅವನು ಅಳುತ್ತಿದ್ದಾನೆ.

ಹಸಿವು, ಅಪ್ಪ. ಬರೀ ಹಸಿವು.

ಸಿಗ್ರಿಡ್